ಶೇಂಗಾ–ನಿಂಬೆ ಮ್ಯಾರಿನೇಡ್ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಹುರಿದ ಶೇಂಗಾ, ನಿಂಬೆರಸ, ಒಂದಿಷ್ಟು ಕಿತ್ತಳೆ ರಸ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಮತ್ತು ಉಪ್ಪು ಇದ್ದರೆ ಅರ್ಧ ಗಂಟೆಯೊಳಗೆ ಸಿದ್ಧವಾಗುವ ಮ್ಯಾರಿನೇಡ್, ಅಂದರೆ ಬೇಯಿಸುವ ಮುನ್ನ ಹಚ್ಚಿ ನೆನೆಹಾಕುವ ಮಸಾಲೆ, ಇದು. ಕೋಳಿಮಾಂಸ, ಮೀನು, ಸಿಗಡಿ, ಪನೀರ್, ಹೂಕೋಸು, ಯಾವುದಕ್ಕೆ ಹಚ್ಚಿಟ್ಟರೂ ಒಗ್ಗುತ್ತದೆ. ಆದರೆ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಎಣ್ಣೆಯನ್ನೇ ಹೊತ್ತಿರುವ ಶೇಂಗಾವನ್ನೂ ಬಹುಪಾಲು ನೀರೇ ಆಗಿರುವ ಹುಳಿರಸವನ್ನೂ ಒಂದೇ ಬಟ್ಟಲಿನಲ್ಲಿ ಕೂಡಿಸಬೇಕಾಗಿರುವುದರಿಂದ, ಮತ್ತು ಆ ಹುಳಿಯೇ ಮುಂದೆ ಮಾಂಸದ ಮೇಲೂ ಕೆಲಸ ಮಾಡತೊಡಗುವುದರಿಂದ, ಇದು ಕೆಡುವ ದಾರಿಗಳು ಹಲವು. ಮಸಾಲೆ ಮುದ್ದೆಗಟ್ಟಬಹುದು, ಎಣ್ಣೆ ಬಿಡಬಹುದು, ಕಹಿಯಾಗಬಹುದು, ಮಾಂಸ ಹಿಟ್ಟುಹಿಟ್ಟಾಗಬಹುದು, ಕಾವಲಿಯ ಮೇಲೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯಬಹುದು. ಈ ದೋಷಗಳನ್ನು ಅಡುಗೆಯಲ್ಲಿ ಅವು ಎದುರಾಗುವ ಕ್ರಮದಲ್ಲೇ ಇಲ್ಲಿ ಎತ್ತಿಕೊಳ್ಳಲಾಗಿದೆ.

ಹೋಲಿಸಿ ನೋಡಲು ಒಂದು ಅಳತೆ

ಸರಿಯಾದದ್ದು ಹೇಗಿರಬೇಕೆಂಬುದು ತಿಳಿಯದೆ ತಪ್ಪನ್ನು ಗುರುತಿಸಲಾಗದು. ಅರ್ಧ ಕಿಲೋ ಮೂಳೆರಹಿತ ಕೋಳಿಮಾಂಸಕ್ಕೆ ಅಥವಾ ಅಷ್ಟೇ ತೂಕದ ಪನೀರಿಗೆ 60 ಗ್ರಾಂ ಶೇಂಗಾ (ಸುಮಾರು ಅರ್ಧ ಲೋಟ), 2 ದೊಡ್ಡ ಚಮಚ ನಿಂಬೆರಸ, 2 ದೊಡ್ಡ ಚಮಚ ಕಿತ್ತಳೆ ರಸ, ಐದಾರು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನ ತುದಿಯಷ್ಟು ಶುಂಠಿ, ಬಿಸಿನೀರಿನಲ್ಲಿ ನೆನೆಸಿದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ಚಿಕ್ಕ ಚಮಚ ಬೆಲ್ಲದ ಪುಡಿ, ಒಂದು ದೊಡ್ಡ ಚಮಚ ಎಣ್ಣೆ, ಚಿಟಿಕೆ ಅರಿಶಿನ, ಒಂದೂಕಾಲು ಚಿಕ್ಕ ಚಮಚ ಪುಡಿ ಉಪ್ಪು ಮತ್ತು ಮೂರು ನಾಲ್ಕು ದೊಡ್ಡ ಚಮಚ ಬೆಚ್ಚಗಿನ ನೀರು ಬೇಕು. ಇಲ್ಲಿ ದೊಡ್ಡ ಚಮಚವೆಂದರೆ 15 ಮಿ.ಲೀ., ಚಿಕ್ಕದೆಂದರೆ 5 ಮಿ.ಲೀ. ನಮ್ಮ ಸಂತೆಯಲ್ಲಿ ಸಿಗುವ ಸಣ್ಣ, ತೆಳು ಸಿಪ್ಪೆಯ ನಿಂಬೆಹಣ್ಣು ಒಂದರಿಂದ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ರಸ ಬರುತ್ತದೆ. ಒಣಗಿದ ಹಣ್ಣಾದರೆ ಅಷ್ಟೂ ಬಾರದು.

ರುಬ್ಬಿ ಮುಗಿದಾಗ ಮಸಾಲೆಯು ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ, ಚಮಚವನ್ನು ಮಗುಚಿದರೆ ಕ್ಷಣಕಾಲ ಅಂಟಿಕೊಂಡಿದ್ದು ಆಮೇಲೆ ದಪ್ಪ ಎಳೆಯಾಗಿ ಜಾರುವಂತಿರಬೇಕು. ಮೇಲೆ ಎಣ್ಣೆಯ ಉಂಗುರಗಳು ಕಾಣಬಾರದು. ರುಚಿಯಲ್ಲಿ ಉಪ್ಪು ಮತ್ತು ಹುಳಿ ಎರಡೂ ನೇರ ತಿನ್ನುವುದಕ್ಕೆ ಒಂದು ಪಟ್ಟು ಜಾಸ್ತಿ ಎನಿಸಬೇಕು, ಏಕೆಂದರೆ ಈ ಮಸಾಲೆಯ ಮೇಲೆ ಇನ್ನೂ ಅರ್ಧ ಕಿಲೋ ಸಪ್ಪೆ ಪದಾರ್ಥದ ಹೊರೆ ಬೀಳಲಿದೆ.

ರುಚಿ ನೋಡುವುದೆಲ್ಲವೂ ಹಸಿ ಮಾಂಸ ಬಟ್ಟಲಿಗೆ ಬೀಳುವ ಮೊದಲೇ ಮುಗಿಯಬೇಕು. ದೋಷ ಕಂಡಾಗ ಇಡೀ ಬಟ್ಟಲಿಗೆ ನೀರು, ಬೆಲ್ಲ, ಎಣ್ಣೆ ಎಂದು ಒಂದರ ಮೇಲೊಂದು ಸುರಿಯುವುದು ಸಾಮಾನ್ಯ, ಮತ್ತು ಮಸಾಲೆ ಪೂರ್ತಿ ಹಾಳಾಗುವುದೂ ಹೆಚ್ಚಾಗಿ ಹಾಗೆಯೇ. ಒಂದು ಚಮಚ ಮಸಾಲೆಯನ್ನು ಬೇರೆ ಬಟ್ಟಲಿಗೆ ತೆಗೆದು, ಅದಕ್ಕೆ ಒಂದೇ ಒಂದು ಪರಿಹಾರವನ್ನು ಹನಿ ಲೆಕ್ಕದಲ್ಲಿ ಸೇರಿಸಿ, ಅದು ಫಲಿಸಿದರೆ ಮಾತ್ರ ಉಳಿದದ್ದಕ್ಕೆ ಅನ್ವಯಿಸಬೇಕು.

ನಿಂಬೆರಸ ಬಿದ್ದ ತಕ್ಷಣ ಮುದ್ದೆಗಟ್ಟಿದರೆ

ಎಲ್ಲಕ್ಕಿಂತ ಮೊದಲು ಎದುರಾಗುವ ದೋಷ ಇದು. ನುಣ್ಣಗೆ ಅರೆದು ಎಣ್ಣೆ ಬಿಟ್ಟುಕೊಂಡು ಹರಿಯುವಂತಿದ್ದ ಶೇಂಗಾ ಪೇಸ್ಟಿಗೆ ಒಂದು ಚಮಚ ನಿಂಬೆರಸ ಹಿಂಡಿ ಕಲಸಿದ ಕೂಡಲೇ ಅದು ಸಡಿಲಾಗುವ ಬದಲು ಬಿಗಿದುಕೊಂಡು, ಚಮಚಕ್ಕೆ ಸುತ್ತಿಕೊಳ್ಳುವ ಗಟ್ಟಿ ಉಂಡೆಯಾಗುತ್ತದೆ. ನೋಡಿದವರು ಹುಳಿಗೆ ಒಡೆದುಹೋಯಿತೆಂದು ಭಾವಿಸಿ ಚೆಲ್ಲಿಬಿಡುತ್ತಾರೆ. ವಾಸ್ತವವಾಗಿ ಏನೂ ಕೆಟ್ಟಿರುವುದಿಲ್ಲ. ಅರೆದ ಶೇಂಗಾ ಎಂದರೆ ಎಣ್ಣೆಯಲ್ಲಿ ತೇಲುವ ಪ್ರೋಟೀನು ಮತ್ತು ಪಿಷ್ಟದ ಸೂಕ್ಷ್ಮ ಕಣಗಳು. ಅಲ್ಪ ಪ್ರಮಾಣದ ನೀರು ಬಿದ್ದಾಗ ಆ ಕಣಗಳು ನೀರನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಂಬೆರಸದ ಬದಲು ಬರೀ ನೀರು ಹಾಕಿದ್ದರೂ ಹೀಗೆಯೇ ಆಗುತ್ತಿತ್ತು.

ಪರಿಹಾರ ಮೇಲ್ನೋಟಕ್ಕೆ ವಿಚಿತ್ರವಾಗಿದೆ: ನೀರಿನಿಂದ ಬಿಗಿದದ್ದನ್ನು ಇನ್ನಷ್ಟು ನೀರಿನಿಂದಲೇ ಸಡಿಲಿಸಬೇಕು. ಬೆಚ್ಚಗಿನ ನೀರನ್ನು ಚಿಕ್ಕ ಚಮಚದಲ್ಲಿ ಒಂದೊಂದಾಗಿ ಹಾಕುತ್ತ, ಪ್ರತಿ ಸಲವೂ ಪೂರ್ತಿ ಬೆರೆಯುವವರೆಗೆ ತಿರುವುತ್ತ ಹೋದರೆ ಮೊದಲ ಎರಡು ಚಮಚಗಳಿಗೆ ಅದು ಮತ್ತೂ ಗಟ್ಟಿಯಾದಂತೆ ತೋರಿ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಇದ್ದಕ್ಕಿದ್ದಂತೆ ಬಿಟ್ಟುಕೊಡುತ್ತದೆ. ಆ ಗಳಿಗೆಯನ್ನು ಬಣ್ಣದಿಂದ ಗುರುತಿಸಬಹುದು. ಕಂದಾಗಿ ಹೊಳೆಯುತ್ತಿದ್ದ ಮುದ್ದೆ ಒಮ್ಮೆಗೇ ತಿಳಿಯಾಗಿ, ಕೆನೆಯ ಛಾಯೆ ಪಡೆದು, ಬಟ್ಟಲಿನ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಆಗ ನೀರೇ ಆಧಾರವಾಗಿ, ಎಣ್ಣೆ ಸಣ್ಣ ಹನಿಗಳಾಗಿ ಅದರಲ್ಲಿ ಹರಡಿಕೊಂಡಿದೆ ಎಂದು ಅರ್ಥ. ಲೆಬನಾನ್ ಮತ್ತು ಅದರ ಸುತ್ತಲಿನ ನಾಡುಗಳಲ್ಲಿ ಎಳ್ಳಿನ ಪೇಸ್ಟಿಗೆ ನಿಂಬೆರಸ ಬೆರೆಸಿ ಸಾಸ್ ಮಾಡುವವರು ಈ ಬಿಗಿತವನ್ನು ದೋಷವೆಂದೇ ಎಣಿಸುವುದಿಲ್ಲ. ಅದು ಬಂದೇ ಬರುತ್ತದೆ, ಅದನ್ನು ದಾಟಿಹೋಗಬೇಕು ಎಂಬುದು ಅವರ ಲೆಕ್ಕ. ಇಲ್ಲಿ ಎಣ್ಣೆ ಹಾಕಿ ಸಡಿಲಿಸಲು ಹೊರಡುವುದೇ ನಿಜವಾದ ತಪ್ಪು. ಅದರಿಂದ ಉಂಡೆ ಜಾರುತ್ತದೆಯೇ ಹೊರತು ಕರಗುವುದಿಲ್ಲ, ಮುಂದೆ ಹೇಳಲಿರುವ ಎಣ್ಣೆ ಬಿಡುವ ದೋಷವೂ ಜೊತೆಗೂಡುತ್ತದೆ.

ಗಂಟು ಸಡಿಲವಾಗದೆ ತರಿತರಿಯಾಗಿಯೇ ಉಳಿದರೆ ಕಾರಣ ಬೇರೆ: ಶೇಂಗಾ ಸರಿಯಾಗಿ ನುಣ್ಣಗಾಗಿಲ್ಲ. ದೊಡ್ಡ ಜಾರಿನಲ್ಲಿ 60 ಗ್ರಾಂ ಶೇಂಗಾ ಬ್ಲೇಡಿಗೆ ಸಿಗದೆ ಗೋಡೆಗೆ ಹಾರಿ ಕೂರುತ್ತದೆ. ಚಟ್ನಿ ಜಾರನ್ನೇ ಬಳಸಿ, ಮೊದಲು ನೀರಿಲ್ಲದೆ ಬಿಟ್ಟುಬಿಟ್ಟು ತಿರುಗಿಸಿ ಪುಡಿ ಮಾಡಿಕೊಂಡು, ಆನಂತರ ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ, ಉಪ್ಪು, ನೀರು ಸೇರಿಸಿ ಅರೆಯಬೇಕು. ಪುಡಿಯಾಗುವ ಮೊದಲೇ ನೀರು ಬಿದ್ದರೆ ಎಷ್ಟು ತಿರುಗಿಸಿದರೂ ತರಿ ಹೋಗುವುದಿಲ್ಲ. ಹುಳಿರಸ ಮಾತ್ರ ಮಿಕ್ಸಿಗೆ ಹೋಗಕೂಡದು. ಅದನ್ನು ಕೊನೆಯಲ್ಲಿ ಬಟ್ಟಲಿನಲ್ಲಿಯೇ ಬೆರೆಸಬೇಕು.

ಎಣ್ಣೆ ಬೇರ್ಪಟ್ಟು ತೇಲಿದರೆ

ಜಾರನ್ನು ಮುಟ್ಟಿ ನೋಡಿದಾಗ ಬಿಸಿಯಾಗಿದ್ದರೆ ಮಿಕ್ಸಿ ಅತಿಯಾಗಿ ತಿರುಗಿದೆ, ಆ ಕಾವಿಗೆ ಎಣ್ಣೆ ಹೊರಬಂದಿದೆ ಎಂದು ತಿಳಿಯಬೇಕು. ಜಾರು ತಣ್ಣಗಿದ್ದೂ ಎಣ್ಣೆ ತೇಲಿದರೆ ನೀರು ಸಾಲದಾಗಿದೆ, ಇಲ್ಲವೇ ಮೇಲಿನಿಂದ ಹಾಕಿದ ಎಣ್ಣೆ ಜಾಸ್ತಿಯಾಗಿದೆ. ಎರಡೂ ಸಂದರ್ಭದಲ್ಲಿ ಮಾಡಬೇಕಾದದ್ದು ಒಂದೇ. ಖಾಲಿ ಬಟ್ಟಲಿನಲ್ಲಿ ಒಂದು ದೊಡ್ಡ ಚಮಚ ನೀರು ತೆಗೆದುಕೊಂಡು, ಒಡೆದ ಮಸಾಲೆಯನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬಿಡುತ್ತ ಬಿರುಸಾಗಿ ಕದಡಬೇಕು. ಅಷ್ಟಕ್ಕೂ ಕೂಡಿಕೊಳ್ಳದಿದ್ದರೆ ಒಂದು ಚಿಕ್ಕ ಚಮಚ ಹುರಿಗಡಲೆ ಪುಡಿ ಬೆರೆಸಿದರೆ ಸಾಕು. ಅದು ನೀರನ್ನು ಹಿಡಿದಿಟ್ಟು ಮಸಾಲೆಯನ್ನು ಕಟ್ಟುತ್ತದೆ, ರುಚಿಯನ್ನೂ ಕೆಡಿಸುವುದಿಲ್ಲ. ಜೋಳದ ಹಿಟ್ಟು, ಮೈದಾ ಇತ್ಯಾದಿಗಳ ಗೊಡವೆ ಬೇಡ, ಕಾವಲಿಯ ಮೇಲೆ ಅವು ಮಸಾಲೆಯನ್ನು ಬಜ್ಜಿಯ ಹೊದಿಕೆಯಾಗಿ ಮಾಡಿಬಿಡುತ್ತವೆ.

ತೆಂಗಿನಹಾಲು ಅಥವಾ ಹಾಲಿನ ಕೆನೆ ಬಳಸಿದವರಿಗೆ ಕಾಣುವ ಒಡಕು ಬೇರೆ ಬಗೆಯದು. ಅದು ಬಿಳಿಯ ಸಣ್ಣ ಹರಳುಗಳಂತೆ ಕಾಣುತ್ತದೆ, ಹುಳಿಗೆ ತೆಂಗಿನಹಾಲಿನ ಅಥವಾ ಕೆನೆಯ ಪ್ರೋಟೀನು ಗಟ್ಟಿಯಾದದ್ದರಿಂದ ಆದದ್ದು, ಮತ್ತೆ ಕೂಡಿಸಲು ಬರುವುದಿಲ್ಲ. ತಿನ್ನಲು ತೊಂದರೆಯಿಲ್ಲ. ಮುಂದಿನ ಸಲ ಅದನ್ನು ಬಿಟ್ಟು ಗೋಡಂಬಿ ಹಾಕಿಕೊಂಡರೆ ಅದೇ ಮೃದುತ್ವ ಒಡಕಿಲ್ಲದೆ ಸಿಗುತ್ತದೆ. ಗೋಡಂಬಿಯಲ್ಲಿ ಪಿಷ್ಟದ ಅಂಶ ಹೆಚ್ಚಿರುವುದರಿಂದ ಅದು ನೀರನ್ನು ಚೆನ್ನಾಗಿ ಹಿಡಿಯುತ್ತದೆ.

ಕಹಿ

ಈ ಮಸಾಲೆಯ ದೋಷಗಳಲ್ಲಿ ಮೂಲವನ್ನು ಪತ್ತೆ ಮಾಡುವುದು ಕಷ್ಟವಾದದ್ದು ಕಹಿ. ಶೇಂಗಾದಿಂದಲೂ ಕಹಿ ಬರಬಹುದು, ಹಣ್ಣಿನಿಂದಲೂ ಬರಬಹುದು, ಮತ್ತು ಒಮ್ಮೆ ಬೆರೆತ ಮೇಲೆ ನಾಲಿಗೆಗೆ ಎರಡೂ ಒಂದೇ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಕಹಿ ಕಲಸಿದ ಕೂಡಲೇ ಬಂತೋ, ಅಥವಾ ಅರ್ಧ ಗಂಟೆ ಇಟ್ಟ ಮೇಲೆ ಬಂತೋ?

ಕೂಡಲೇ ಬಂದ ಕಹಿಯಾದರೆ ಉಳಿದಿರುವ ಹುರಿದ ಶೇಂಗಾದ ಒಂದು ಬೀಜವನ್ನು ಸಿಪ್ಪೆ ತೆಗೆದು ಎರಡು ಹೋಳಾಗಿ ಬಿಡಿಸಿ ನೋಡಬೇಕು. ಒಳಮೈ ತೆಳುವಾದ ಹೊಂಬಣ್ಣದಲ್ಲಿದ್ದರೆ ಹುರಿತ ಸರಿಯಾಗಿದೆ. ಹೊರಗೆ ಅಲ್ಲಲ್ಲಿ ಕಪ್ಪು ಚುಕ್ಕೆಯಿದ್ದು ಒಳಗೆ ಬೆಳ್ಳಗೇ ಇದ್ದರೆ ಉರಿ ಜೋರಾಗಿತ್ತು. ಒಳಗೂ ಕಡುಗಂದಾಗಿ, ತುದಿಯ ಮೊಳಕೆಯ ಭಾಗ ಕಪ್ಪಗಾಗಿದ್ದರೆ ಶೇಂಗಾ ಸೀದಿದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಬಿಡದೆ ಹುರಿದು, ಸಿಪ್ಪೆ ಸಿಡಿಯತೊಡಗಿದಾಗಲೇ ಅಗಲವಾದ ತಟ್ಟೆಗೆ ಸುರುವಬೇಕು. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಇನ್ನೊಂದು ಹದ ಹೆಚ್ಚಾಗಿ ಹುರಿದುಕೊಳ್ಳುತ್ತದೆ. ಸಿಪ್ಪೆಯಲ್ಲಿಯೂ ಒಗರು ಕಹಿಯಿರುವುದರಿಂದ ಚಟ್ನಿಪುಡಿಗೆ ನಡೆಯುವ ಅಜಾಗರೂಕತೆ ಇಲ್ಲಿ ನಡೆಯದು, ಉಜ್ಜಿ ಕೇರಿ ತೆಗೆಯಲೇಬೇಕು. ಶೇಂಗಾದ ಬದಲು ಎಳ್ಳು ಹಾಕಿದ್ದರೆ ಸಿಪ್ಪೆಸಹಿತವಾದ ಕರಿ ಎಳ್ಳು ಸಹಜವಾಗಿಯೇ ಕಹಿಯೆಂಬುದನ್ನು ನೆನಪಿಡಬೇಕು. ಬಿಳಿ ಎಳ್ಳೇ ಲೇಸು.

ಸೀದ ಕಹಿಯನ್ನು ಹಳಸಿದ ಕಮಟಿನಿಂದ ಬೇರ್ಪಡಿಸಿ ಗುರುತಿಸಬೇಕು. ಮಳೆಗಾಲ ದಾಟಿದ ಹಳೆಯ ಶೇಂಗಾದಲ್ಲಿ ಎಣ್ಣೆ ಹಾಳಾಗಿ, ಹಳೆಯ ಬಣ್ಣದ ಡಬ್ಬಿಯ ಮುಚ್ಚಳ ತೆರೆದಂತಹ ವಾಸನೆ ಬರುತ್ತದೆ, ನುಂಗಿದ ಮೇಲೆ ಗಂಟಲಲ್ಲಿ ಕೆರೆತ ಉಳಿಯುತ್ತದೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟಿನ ಗುರುತಿರುವ ಬೀಜಗಳ ವಿಷಯದಲ್ಲಂತೂ ರುಚಿಯ ಮಾತೇ ಹಿಂದಕ್ಕೆ ಸರಿಯುತ್ತದೆ. ಶೇಂಗಾ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ, ಅದು ಯಕೃತ್ತಿಗೆ ಹಾನಿಕರ, ಮತ್ತು ಮನೆಯ ಒಲೆಯ ಹುರಿತಕ್ಕೆ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ಕಮಟು ಅಥವಾ ಬೂಷ್ಟು ಕಂಡಲ್ಲಿ ಬೆಲ್ಲ ಹಾಕಿ ಮುಚ್ಚುವ ಪ್ರಶ್ನೆಯಿಲ್ಲ, ಚೆಲ್ಲಬೇಕು.

ಶೇಂಗಾ ನಿರ್ದೋಷಿಯೆಂದು ಖಾತ್ರಿಯಾದ ಮೇಲೆ ಹಣ್ಣಿನತ್ತ ತಿರುಗಬೇಕು. ನಿಂಬೆಯ ಬೀಜ ಮಿಕ್ಸಿಗೆ ಸಿಕ್ಕಿ ನುಚ್ಚಾಗಿದ್ದರೆ ಕಹಿ ತಕ್ಷಣವೇ ಬರುತ್ತದೆ. ಹುಳಿರಸವನ್ನು ಮಿಕ್ಸಿಯಿಂದ ದೂರವಿಡಬೇಕೆಂದು ಹೇಳಿದ್ದಕ್ಕೆ ಒಂದು ಕಾರಣ ಇದು. ಘಮಕ್ಕೆಂದು ಸಿಪ್ಪೆ ತುರಿದು ಹಾಕುವವರು ಮೇಲಿನ ಹಳದಿ ಪದರವನ್ನಷ್ಟೇ ತೆಗೆಯಬೇಕು. ಸುಗಂಧ ತೈಲವಿರುವುದು ಅಲ್ಲಿ, ಅದರಡಿಯ ಬಿಳಿ ಪದರದಲ್ಲಿರುವುದು ಕಹಿ. ನಮ್ಮ ನಿಂಬೆಯ ಸಿಪ್ಪೆ ತೀರ ತೆಳುವಾಗಿರುವುದರಿಂದ ತುರಿಯುವ ಮಣೆಯ ಮೇಲೆ ಎರಡನೇ ಸಲ ಅದೇ ಜಾಗದಲ್ಲಿ ಎಳೆದರೆ ಬಿಳಿ ಪದರ ಬಂದೇ ಬಿಡುತ್ತದೆ. ಹೇರಳೆಕಾಯಿ ಬಳಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಚಿತ್ರಾನ್ನಕ್ಕೆ ಅದನ್ನು ಹಗುರವಾಗಿ ಹಿಂಡುವ ಕೈ ಇಲ್ಲಿಯೂ ಹಾಗೆಯೇ ಹಿಂಡಿದರೆ ಸಾಕು. ಚಕ್ಕೋತವಾದರೆ ತೊಳೆಯ ಪೊರೆಯನ್ನು ಪೂರ್ತಿ ಬಿಡಿಸಬೇಕು, ಅದರ ಕಹಿಗೆ ಕಾರಣವಾದ ನರಿಂಜಿನ್ ಆ ಪೊರೆಯಲ್ಲೂ ಬಿಳಿ ಭಾಗದಲ್ಲೂ ಹೇರಳವಾಗಿದೆ.

ಇನ್ನು ತಡವಾಗಿ ಬರುವ ಕಹಿ. ಹಿಂಡಿದಾಗ ಸಿಹಿಯಾಗಿದ್ದ ಕಿತ್ತಳೆ ರಸ ಸ್ವಲ್ಪ ಹೊತ್ತಿನ ಮೇಲೆ ಕಹಿಯಾಗುವುದುಂಟು. ಹಣ್ಣಿನೊಳಗೆ ಕಹಿಯಿಲ್ಲದ ರೂಪದಲ್ಲಿರುವ ಒಂದು ವಸ್ತು, ತೊಳೆ ಒಡೆದು ಆಮ್ಲದ ಸಂಪರ್ಕಕ್ಕೆ ಬಂದಾಗ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ನಗರದ ಅಂಗಡಿಗಳಲ್ಲಿ ಸಿಗುವ, ತುದಿಯಲ್ಲಿ ಹೊಕ್ಕುಳಿನಂತಹ ಗುರುತಿರುವ ನೇವಲ್ ಕಿತ್ತಳೆಯಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಅಂತಹ ಹಣ್ಣಾದರೆ ರಸವನ್ನು ಆಗಿಂದಾಗ ಹಿಂಡಿ ಆಗಿಂದಾಗ ಬಳಸಬೇಕು, ರಾತ್ರಿಯಿಡೀ ಇಡುವ ಮಸಾಲೆಗೆ ಅದನ್ನು ಹಾಕಲೇಬಾರದು. ಸೌಮ್ಯವಾದ ಕಹಿಯನ್ನು ಉಪ್ಪು ತಗ್ಗಿಸುತ್ತದೆ. ಚಿಟಿಕೆ ಉಪ್ಪಿನಿಂದಾಗುವ ಉಪಕಾರ ಎರಡು ಚಮಚ ಬೆಲ್ಲದಿಂದ ಆಗುವುದಿಲ್ಲವೆಂಬುದನ್ನು ಬೇರೆ ತೆಗೆದಿಟ್ಟ ಚಮಚದಲ್ಲಿ ಪ್ರಯೋಗಿಸಿಯೇ ನೋಡಬಹುದು.

ಹುಳಿ ಅತಿಯಾದರೆ, ಅಥವಾ ಏನೂ ಎನಿಸದಿದ್ದರೆ

ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ಸುಮಾರು ಶೇಕಡ 5ರಿಂದ 6ರಷ್ಟಿದ್ದರೆ ಕಿತ್ತಳೆ ರಸದಲ್ಲಿ ಶೇಕಡ 1ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಹುಳಿ ಹೆಚ್ಚಾಯಿತೆಂದರೆ ಮುಂದಿನ ಸಲ ರಸದ ಒಟ್ಟು ಪ್ರಮಾಣವನ್ನು ಇಳಿಸದೆ, ನಿಂಬೆಯ ಪಾಲನ್ನು ಕಿತ್ತಳೆಗೆ ವರ್ಗಾಯಿಸಬೇಕು. ಈಗಾಗಲೇ ಆಗಿಹೋಗಿದ್ದರೆ ಇನ್ನೊಂದು ಹಿಡಿ ಶೇಂಗಾ ಅರೆದು ಸೇರಿಸುವುದೇ ಸರಿಯಾದ ದಾರಿ. ಅಡುಗೆ ಸೋಡಾ ಹಾಕಿ ಹುಳಿ ಮುರಿಯುವವರಿದ್ದಾರೆ. ನೊರೆಯುಕ್ಕುತ್ತದೆ, ನಿಂಬೆಯ ತಾಜಾತನ ಹೋಗುತ್ತದೆ, ಸೋಡಾ ಸರಿಯಾಗಿ ಕರಗದೆ ಕೂತ ಕಡೆ ಅರಿಶಿನ ಕೆಂಪು ಗೆರೆಯಾಗುತ್ತದೆ. ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಬರುವ ಕೆಂಪೂ ಕ್ಷಾರದಿಂದಲೇ ಹುಟ್ಟಿದ್ದು.

ಎಲ್ಲ ಅಳತೆ ಸರಿಯಿದ್ದೂ ಮಸಾಲೆ ಸಪ್ಪೆಯೆನಿಸಿದರೆ ಬಹುಪಾಲು ಉಪ್ಪಿನ ಕೊರತೆ. ಶೇಂಗಾದ ಜಿಡ್ಡು ನಾಲಿಗೆಯನ್ನು ಆವರಿಸಿಕೊಳ್ಳುವುದರಿಂದ ಉಪ್ಪು ಹುಳಿಗಳೆರಡೂ ಮಂಕಾಗಿ ತೋರುತ್ತವೆ. ಹಸಿ ಹಸಿ ಎನಿಸಿದರೆ ಶೇಂಗಾ ಅರೆಬರೆ ಹುರಿದದ್ದು. ಹುಳಿರಸ ಇನ್ನೂ ಬೆರೆಸಿರದಿದ್ದರೆ ಅರೆದ ಮಸಾಲೆಯನ್ನು ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಾಡಿಸಿ ಆರಿಸಿಕೊಂಡರೆ ಸರಿಹೋಗುತ್ತದೆ.

ಬೆಳ್ಳುಳ್ಳಿ ಹಸಿರಾಯಿತೆಂಬ ಗಾಬರಿ

ಹುಳಿಯಲ್ಲಿ ಕೂತ ಬೆಳ್ಳುಳ್ಳಿ ಕೆಲವೊಮ್ಮೆ ಹಸಿರು ಅಥವಾ ನೀಲಿಗೆ ತಿರುಗುತ್ತದೆ, ಫ್ರಿಜ್‌ನಲ್ಲಿಟ್ಟಿದ್ದ ಬೆಳ್ಳುಳ್ಳಿಯಾದರೆ ಇನ್ನೂ ಹೆಚ್ಚು. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳೂ ಅದರ ಅಮೈನೋ ಆಮ್ಲಗಳೂ ಹುಳಿಯ ವಾತಾವರಣದಲ್ಲಿ ಸೇರಿ ಉಂಟುಮಾಡುವ ಬಣ್ಣ ಅದು. ಅಪಾಯವಿಲ್ಲ. ಆದರೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದ್ದರಿಂದ ಬಣ್ಣವೋ ಲೋಹದ ರುಚಿಯೋ ಬಂದಿದ್ದರೆ ಅದು ಪಾತ್ರೆ ಕರಗಿ ಬಂದದ್ದು, ಅದನ್ನು ತಿನ್ನಬಾರದು. ಕಲಾಯಿ ಇದೆಯೋ ಇಲ್ಲವೋ ಎಂದು ತರ್ಕಿಸುತ್ತ ಕೂರುವ ಬದಲು ಸ್ಟೀಲ್, ಗಾಜು ಅಥವಾ ಪಿಂಗಾಣಿಯನ್ನೇ ಬಳಸುವುದು ನೆಮ್ಮದಿ.

ಮಾಂಸ ಹಿಟ್ಟಾಗುವುದು, ರುಚಿ ಒಳಕ್ಕೆ ಇಳಿಯದಿರುವುದು

ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ದೂರುಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತವೆ. ಹೆಚ್ಚು ಹೊತ್ತು ಇಟ್ಟಷ್ಟೂ ಮಸಾಲೆ ಮಾಂಸದೊಳಕ್ಕೆ ಇಳಿಯುತ್ತದೆ ಎಂಬುದು ಆ ತಿಳಿವಳಿಕೆ. ಕಾಲ ಕಳೆದಂತೆ ಮಾಂಸದ ಒಳಗೆ ಚೆನ್ನಾಗಿ ಸಾಗುವುದು ಉಪ್ಪು ಮಾತ್ರ. ಹುಳಿ ಹೊರಮೈಯ ಕೆಲವು ಮಿಲಿಮೀಟರುಗಳಲ್ಲೇ ನಿಂತು ಅಲ್ಲಿನ ಪ್ರೋಟೀನನ್ನು ಬೆಂಕಿಯಿಲ್ಲದೆಯೇ ಬೇಯಿಸಿದಂತೆ ಮಾಡುತ್ತದೆ. ಶೇಂಗಾದ ಕಣಗಳು ಎಷ್ಟು ನುಣ್ಣಗಿದ್ದರೂ ಒಳಕ್ಕೆ ಹೋಗುವುದೇ ಇಲ್ಲ. ಹಾಗಾಗಿ ರಾತ್ರಿಯಿಡೀ ಇಟ್ಟ ಕೋಳಿಯ ಎದೆ ಭಾಗದ ತುಂಡನ್ನು ಬೇಯಿಸುವ ಮುನ್ನ ಕೊಯ್ದು ನೋಡಿದರೆ, ಅಂಚಿನಲ್ಲಿ ಸುಣ್ಣ ಬಳಿದಂತಹ ಬಿಳಿಯ ಪಟ್ಟಿ, ಅದರಾಚೆ ಏನೂ ತಗಲದ ಗುಲಾಬಿ ತಿರುಳು ಕಾಣುತ್ತದೆ. ಬೆಂದಾಗ ಆ ಪಟ್ಟಿ ಪುಡಿಪುಡಿಯಾಗುತ್ತದೆ, ತಿರುಳು ಸಪ್ಪೆಯಾಗಿಯೇ ಇರುತ್ತದೆ.

ಹೀಗಿರುವಾಗ ಉಪ್ಪು, ಹುಳಿ, ಶೇಂಗಾ ಮೂರನ್ನೂ ಒಟ್ಟಿಗೆ ಹಚ್ಚಿ ಒಂದೇ ಅವಧಿಗೆ ಬಿಡುವುದರಲ್ಲಿ ಅರ್ಥವಿಲ್ಲ, ಮತ್ತು ಈ ಕೈಪಿಡಿಯ ಅರ್ಧದಷ್ಟು ದೋಷಗಳು ಆ ಒಂದೇ ಅಭ್ಯಾಸದಿಂದ ಬರುತ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪು, ಅರಿಶಿನ, ಬೆಳ್ಳುಳ್ಳಿಯನ್ನು ಮೊದಲು ಹಚ್ಚಿ, ಪುರುಸೊತ್ತಿದ್ದರೆ ಫ್ರಿಜ್‌ನಲ್ಲಿ ಮೂರು ನಾಲ್ಕು ಗಂಟೆ, ಇಲ್ಲದಿದ್ದರೆ ಅರ್ಧ ಗಂಟೆ ಇಡಬೇಕು. ಹುಳಿ ಬೆರೆತ ಶೇಂಗಾ ಮಸಾಲೆಯನ್ನು ಆಮೇಲೆ, ಬೇಯಿಸುವ ಹೊತ್ತಿನ ಲೆಕ್ಕ ನೋಡಿ ಸವರಬೇಕು. ಅರ್ಧ ಕಿಲೋಗೆ ಒಟ್ಟು ಉಪ್ಪು 7ರಿಂದ 8 ಗ್ರಾಂ, ಅಂದರೆ ಮಾಂಸದ ತೂಕದ ಶೇಕಡ ಒಂದೂವರೆಯಷ್ಟು. ಕಲ್ಲುಪ್ಪಾದರೆ ಚಮಚದ ಅಳತೆ ನಂಬದೆ ತೂಗಿಕೊಳ್ಳುವುದು ಒಳ್ಳೆಯದು. ಇಂಡೋನೇಷ್ಯಾ, ಮಲೇಷ್ಯಾಗಳ ಸಾತೆಯಲ್ಲಿ (ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸದ ತುಂಡುಗಳು) ಶೇಂಗಾವನ್ನು ಸಾಮಾನ್ಯವಾಗಿ ಸುಟ್ಟ ಮಾಂಸದ ಪಕ್ಕದಲ್ಲಿ ಸಾಸ್ ಆಗಿ ಬಡಿಸುತ್ತಾರೆ. ನೆನೆಹಾಕುವ ಮಸಾಲೆಯೇ ಬೇರೆ, ಶೇಂಗಾ ಬರುವ ಹೊತ್ತೇ ಬೇರೆ.

ಹುಳಿಯ ಅವಧಿ ಪದಾರ್ಥಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದಂಗುಲದ ಮೂಳೆರಹಿತ ಕೋಳಿ ತುಂಡುಗಳಿಗೆ ಅರ್ಧ ಗಂಟೆಯಿಂದ ಎರಡು ಗಂಟೆ, ಮೂಳೆಸಹಿತ ತೊಡೆಗೆ ಹುಳಿ ಕಡಿಮೆ ಮಾಡಿಕೊಂಡು ನಾಲ್ಕು ಗಂಟೆಯವರೆಗೆ ನಡೆಯುತ್ತದೆ. ಅಂಜಲ್, ಕಾಣೆಯಂತಹ ಮೀನಿನ ತುಂಡುಗಳಿಗೆ ಹದಿನೈದು ಇಪ್ಪತ್ತು ನಿಮಿಷ ಧಾರಾಳ. ಸಿಗಡಿಗೆ ಅದಕ್ಕಿಂತಲೂ ಕಡಿಮೆ. ಮೀನಿನ ಮೈ ಪಾರದರ್ಶಕತೆ ಕಳೆದುಕೊಂಡು ಬಿಳಿಚಿಕೊಂಡಿತೆಂದರೆ ಹೊತ್ತು ಮೀರಿದೆ, ಕೂಡಲೇ ಮಸಾಲೆ ಒರೆಸಿ ಕಾವಲಿಗೆ ಹಾಕಬೇಕು. ಪನೀರ್ ಹುಳಿಗೆ ಒಡೆದ ಹಾಲಿನಿಂದಲೇ ಹುಟ್ಟಿದ್ದರಿಂದ ನಿಂಬೆರಸಕ್ಕೆ ಹಿಟ್ಟಾಗುವುದಿಲ್ಲ. ಅದರ ತೊಂದರೆ ನೀರಿನದು: ನೀರಿನಲ್ಲಿಟ್ಟಿದ್ದ ಪನೀರನ್ನು ಬಟ್ಟೆಯಲ್ಲಿ ಒತ್ತದೆ ಮಸಾಲೆಗೆ ಹಾಕಿದರೆ ಹತ್ತೇ ನಿಮಿಷದಲ್ಲಿ ತಳದಲ್ಲಿ ತಿಳಿನೀರು ನಿಲ್ಲುತ್ತದೆ. ಫ್ರೀಜರಿನಿಂದ ತೆಗೆದ ಕೋಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕುರಿಮಾಂಸ ಮೆತ್ತಗಾಗಲೆಂದು ನಿಂಬೆಯನ್ನು ನಂಬಿದವರಿಗೆ ನಿರಾಶೆ ಖಚಿತ. ಅದಕ್ಕೆ ಬೇಕಾದದ್ದು ಪಪ್ಪಾಯಿಕಾಯಿಯ ಪಪೈನ್ ಕಿಣ್ವ. ಅದೂ ಅರ್ಧ ಕಿಲೋಗೆ ಒಂದು ಚಿಕ್ಕ ಚಮಚ ತುರಿ ಸಾಕು, ಅದನ್ನು ಮೀರಿದರೆ ಮಾಂಸ ಹಿಟ್ಟಾಗುವ ದೋಷಕ್ಕೆ ನಿಂಬೆಯನ್ನು ದೂರುವಂತಿಲ್ಲ.

ಕಾವಲಿಯ ಮೇಲೆ

ಹೊರಗೆ ಕರಿ, ಒಳಗೆ ಹಸಿ ಎಂಬ ದೂರಿಗೆ ಕಾರಣ ಶೇಂಗಾ ಮತ್ತು ಬೆಲ್ಲ. ಎರಡೂ ಕೋಳಿ ಬೇಯುವುದಕ್ಕಿಂತ ಬಹಳ ಮೊದಲೇ ಕಂದಾಗಿ, ಆಮೇಲೆ ಸೀಯತೊಡಗುತ್ತವೆ. ದಪ್ಪ ಪದರವಾಗಿ ಅಂಟಿಕೊಂಡ ಮಸಾಲೆಯನ್ನು ಬೆರಳಿನಿಂದ ಸವರಿ ತೆಗೆದು, ತೆಳು ಲೇಪವನ್ನಷ್ಟೇ ಉಳಿಸಿ, ಮಧ್ಯಮ ಉರಿಯಲ್ಲಿ ಎಣ್ಣೆ ಸವರಿದ ಕಾವಲಿಗೆ ಹಾಕಬೇಕು. ಎರಡೂ ಮಗ್ಗುಲು ಬಣ್ಣ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಒಳಗಿನವರೆಗೆ ಬೇಯುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದವರು ಕೋಳಿಯ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಬಂದುದನ್ನು ನೋಡಿಕೊಳ್ಳಬಹುದು. ತೆಗೆದಿಟ್ಟ ಮಸಾಲೆ ವ್ಯರ್ಥವಲ್ಲ. ಕೊನೆಯ ಮೂರು ನಾಲ್ಕು ನಿಮಿಷಗಳಲ್ಲಿ ಅದನ್ನು ಮತ್ತೆ ಸವರಿ ಪೂರ್ತಿ ಬೇಯಿಸಿದರೆ ಶೇಂಗಾದ ಘಮ ಸೀಯದೆ ಉಳಿಯುತ್ತದೆ.

ಮಸಾಲೆ ಮಾಂಸವನ್ನು ಬಿಟ್ಟು ಕಾವಲಿಗೆ ಅಂಟಿದರೆ ಕಾವಲಿ ಸರಿಯಾಗಿ ಕಾದಿರಲಿಲ್ಲ, ಇಲ್ಲವೇ ತುಂಡುಗಳು ಒದ್ದೆಯಾಗಿದ್ದವು, ಇಲ್ಲವೇ ತಳ ಹಿಡಿದುಕೊಂಡಿರುವಾಗಲೇ ಅವಸರದಿಂದ ಮಗುಚಲಾಗಿದೆ. ತಾನಾಗಿ ಬಿಡುವವರೆಗೆ ಕಾಯಬೇಕು. ಹುರಿಯುವ ಬದಲು ತನ್ನ ನೀರಿನಲ್ಲೇ ಕುದಿಯತೊಡಗಿದರೆ ಕಾವಲಿ ತುಂಬಿಹೋಗಿದೆ. ಅರ್ಧದಷ್ಟು ತುಂಡುಗಳನ್ನು ತೆಗೆದು ಎರಡು ಸರದಿಯಲ್ಲಿ ಮಾಡಬೇಕು. ನಿಂಬೆಯ ಘಮವೇ ಇಲ್ಲವೆನಿಸಿದರೆ ಅದು ಕಾವಿಗೆ ಹಾರಿಹೋಗಿದೆ. ಸಿಪ್ಪೆಯ ತುರಿಯನ್ನೂ ಅರ್ಧ ಹೋಳಿನ ರಸವನ್ನೂ ಮೊದಲೇ ಹಾಕದೆ ಉಳಿಸಿಕೊಂಡು, ಇಳಿಸಿದ ಮೇಲೆ ಹಿಂಡಬೇಕು.

ಉಳಿದ ಮಸಾಲೆ, ಇಡುವ ಜಾಗ

ಹಚ್ಚಿಟ್ಟ ಮಾಂಸ ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಿದ್ದರೆ ಅದರ ಜಾಗ ಫ್ರಿಜ್‌ನಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಹುಳಿಯಿದೆ, ಕೆಡುವುದಿಲ್ಲ ಎಂಬ ಭರವಸೆ ಹಸಿ ಮಾಂಸಕ್ಕೆ ಸಲ್ಲದು. ಹಸಿ ಮಾಂಸ ಮುಟ್ಟಿದ ಮಸಾಲೆಯನ್ನು ಮೇಲೆ ಸುರಿದುಕೊಳ್ಳಲು ಬಯಸಿದರೆ ಸ್ವಲ್ಪ ನೀರು ಬೆರೆಸಿ ಚೆನ್ನಾಗಿ ಕುದಿಸಬೇಕು. ಕುದಿಸುವಾಗ ಮತ್ತೆ ಗಟ್ಟಿಯಾಗಿ ತಳ ಹಿಡಿಯತೊಡಗಿದರೆ ಬಿಸಿನೀರು ಹಾಕುತ್ತ ತಿರುವಬೇಕು. ಶೇಂಗಾ ಕೆಲವರಿಗೆ ತೀವ್ರ ಅಲರ್ಜಿ ತರುವ ಪದಾರ್ಥವಾದ್ದರಿಂದ, ನೋಡಲು ಮಾಮೂಲಿ ಕೆಂಪು ಮಸಾಲೆಯಂತೆಯೇ ಇರುವ ಇದರಲ್ಲಿ ಶೇಂಗಾ ಇದೆಯೆಂದು ಅತಿಥಿಗಳಿಗೆ ಬಡಿಸುವ ಮುನ್ನವೇ ತಿಳಿಸುವುದು ಅಗತ್ಯ. ಅಂಥವರಿಗಾಗಿ ಮಾಡುವುದಾದರೆ ಸಿಪ್ಪೆ ತೆಗೆದ ಕುಂಬಳಬೀಜವನ್ನು ಹುರಿದು ಇದೇ ಅಳತೆಯಲ್ಲಿ ಬಳಸಬಹುದು. ಆಗ ಜಾರು, ಬಟ್ಟಲು, ಚಮಚ ಎಲ್ಲವೂ ಶೇಂಗಾ ಸೋಕದಂತೆ ತೊಳೆದವಾಗಿರಬೇಕು.

ಮಾಂಸ ಮುಟ್ಟದ, ಹುಳಿರಸ ಬೆರೆಸದ ಅರೆದ ಮಸಾಲೆಯನ್ನು ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ, ಐಸ್ ಟ್ರೇಯಲ್ಲಿ ಗಟ್ಟಿಗೊಳಿಸಿ ಫ್ರೀಜರಿನಲ್ಲಿಟ್ಟರೆ ಇನ್ನೂ ಹೆಚ್ಚು ದಿನ ಬರುತ್ತದೆ. ಹೊರತೆಗೆದಾಗ ಅದು ಒಡೆದಂತೆ, ಎಣ್ಣೆ ಬಿಟ್ಟಂತೆ ಕಾಣುವುದು ಸಹಜ. ಒಂದೆರಡು ಚಮಚ ಬೆಚ್ಚಗಿನ ನೀರು ಹಾಕಿ ಕದಡಿ, ಕೂಡಿಕೊಂಡ ಮೇಲೆ ನಿಂಬೆ ಹಿಂಡಬೇಕು.